ಮ್ಯಾಗ್ನೆಟೈಟ್ ಸಿಮ್ಯುಲೇಶನ್: ಒಂಟಿ ಕಣದಿಂದ ಗೊಂಚಲಿಗೆ

ಔಷಧ ಹೊತ್ತ ಮ್ಯಾಗ್ನೆಟೈಟ್ (ಕಾಂತೀಯ ಗುಣದ ಕಬ್ಬಿಣದ ಆಕ್ಸೈಡ್) ಕಣವನ್ನು ಹೊರಗಿನ ಅಯಸ್ಕಾಂತದಿಂದ ರಕ್ತನಾಳದ ಗೋಡೆಗೆ ಎಳೆಯಬಹುದಾ? ಇದನ್ನು ನೋಡಲು ಪೈಥಾನ್‌ನಲ್ಲಿ ಬರೆಯುತ್ತಿರುವ ಸಿಮ್ಯುಲೇಶನ್‌ನ ಮೊದಲ ಭಾಗ ಈಗ ಓಡುತ್ತಿದೆ.

ಮಾದರಿ ಸರಳ. 8 ಮೈಕ್ರೊಮೀಟರ್ ಅಗಲದ ಒಂದು ಲೋಮನಾಳ. ಕಣದ ಮೇಲೆ ಅಯಸ್ಕಾಂತದ ಸೆಳೆತ, ದ್ರವದ ತಡೆ, ಜೊತೆಗೆ ಬ್ರೌನಿಯನ್ ಅಲೆದಾಟ, ಅಂದರೆ ಶಾಖದಿಂದಾಗುವ ದಿಕ್ಕಿಲ್ಲದ ಕುಲುಕಾಟ. ಜಡತ್ವವನ್ನು ಕೈಬಿಟ್ಟಿದ್ದೇನೆ, ಇಷ್ಟು ಚಿಕ್ಕ ಕಣಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸ್ನಿಗ್ಧತೆಗೆ ಇಡೀ ರಕ್ತದ್ದಲ್ಲ, ಪ್ಲಾಸ್ಮಾದ ಬೆಲೆ ಹಾಕಿದೆ: 1.2 ಮಿಲಿಪ್ಯಾಸ್ಕಲ್ ಸೆಕೆಂಡ್. ಕೆಂಪು ರಕ್ತಕಣಗಳ ಸಂದಿಯಲ್ಲಿ ನುಸುಳುವ ಕಣಕ್ಕೆ ಸುತ್ತ ಸಿಗುವುದು ಪ್ಲಾಸ್ಮಾ ತಾನೆ?

ಮೊದಲು 10 ನ್ಯಾನೊಮೀಟರ್ ವ್ಯಾಸದ ಒಂಟಿ ಕಣ. ಕ್ಷೇತ್ರದ ಇಳಿಜಾರು (ದೂರಕ್ಕೆ ತಕ್ಕಂತೆ ಕಾಂತಕ್ಷೇತ್ರ ಬದಲಾಗುವ ದರ) ಮೀಟರಿಗೆ 10 ಟೆಸ್ಲಾ, ಕಣ ಪೂರ್ತಿ ಕಾಂತೀಕರಣಗೊಂಡಿದೆ ಎಂದಿಟ್ಟುಕೊಂಡೆ. ಅಯಸ್ಕಾಂತ ಅದನ್ನು ಎಳೆಯುವುದು ಸೆಕೆಂಡಿಗೆ ಬರೀ 22 ನ್ಯಾನೊಮೀಟರ್. ಅದೇ ಒಂದು ಸೆಕೆಂಡಿನಲ್ಲಿ ಶಾಖದ ಕುಲುಕಾಟಕ್ಕೆ ಕಣ ಸುಮಾರು 9 ಮೈಕ್ರೊಮೀಟರ್ ಅಲೆಯುತ್ತದೆ, ಅಂದರೆ ನಾಳದ ಅಗಲಕ್ಕಿಂತ ಜಾಸ್ತಿ! ಗ್ರಾಫಿನಲ್ಲಿ ಅಯಸ್ಕಾಂತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಂತ ಕ್ಷೇತ್ರವನ್ನು ಸುಮ್ನೆ ಏರಿಸಿದರೆ ಪ್ರಯೋಜನವಿಲ್ಲ. ಕಣ ಒಮ್ಮೆ ಪೂರ್ತಿ ಕಾಂತೀಕರಣಗೊಂಡ ಮೇಲೆ ಬಲ ಹೆಚ್ಚುವುದು ಇಳಿಜಾರಿನಿಂದ ಮಾತ್ರ. ಅಯಸ್ಕಾಂತದಿಂದ ಸಾಕಷ್ಟು ದೂರ ಹೋದ ಮೇಲೆ ಅಂತರ ಎರಡು ಪಟ್ಟಾದರೆ ಇಳಿಜಾರು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಚರ್ಮದ ಹತ್ತಿರದ ಗಡ್ಡೆಗೆ ಈ ವಿಧಾನ ಒಗ್ಗುತ್ತದೆ, ಹೊಟ್ಟೆಯ ಆಳದ ಅಂಗಗಳಿಗೆ ಕಷ್ಟ ಎನ್ನುವುದು ಇದಕ್ಕೇ.

ಹಾಗಾಗಿ ಗಾತ್ರವನ್ನೇ ಬದಲಿಸಿದೆ. ಬಲ ವ್ಯಾಸದ ಘನದಷ್ಟು ಏರುತ್ತದೆ, ತಡೆ ವ್ಯಾಸದಷ್ಟೇ. ಸಣ್ಣ ಕಣಗಳನ್ನು ಒತ್ತೊತ್ತಾಗಿ ಪೇರಿಸಿದ 100 ನ್ಯಾನೊಮೀಟರ್ ಗೊಂಚಲು, ನಡುವಿನ ಸಂದಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ 2.2 ಮೈಕ್ರೊಮೀಟರ್ ಸರಿಯುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಅಲೆದಾಟವನ್ನು ಹಿಂದಿಕ್ಕುತ್ತದೆ. ಲೋಮನಾಳದಲ್ಲಿ ರಕ್ತದ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನ ಆಸುಪಾಸು, ಹಾಗಾಗಿ ಗೋಡೆಗೆ ಹತ್ತಿರದ ಗೊಂಚಲುಗಳು ಸಿಕ್ಕಿಬೀಳುತ್ತವೆ, ನಡುವಿನವು ಹೊರಟೇ ಹೋಗುತ್ತವೆ. ಒಳಗೆ ಪಾಲಿಮರ್, ಔಷಧ ಸೇರಿ ಮ್ಯಾಗ್ನೆಟೈಟ್ ಅರ್ಧವಾದರೆ ಈ ವೇಗವೂ ಅರ್ಧ. ಔಷಧ ಜಾಸ್ತಿ ತುಂಬಿದಷ್ಟೂ ಎಳೆತ ಕಡಿಮೆ. ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಈ ಜಗ್ಗಾಟವೇ.

ಇನ್ನು ಕಣ-ಕಣಗಳ ನಡುವಿನ ಸೆಳೆತ ಸೇರಿಸಬೇಕು. ಲೇಪನವಿಲ್ಲದ ಎರಡು 10 ನ್ಯಾನೊಮೀಟರ್ ಕಣಗಳು ಒಂದರ ಹಿಂದೊಂದು ತಾಗಿಕೊಂಡರೆ ಅವುಗಳ ಕಾಂತೀಯ ಶಕ್ತಿ, ಕಣವೊಂದರ ಪಾಲಿಗೆ, ಶಾಖದ ಶಕ್ತಿಯ ಒಂದೂವರೆ ಪಟ್ಟಿನಷ್ಟು. 20 ನ್ಯಾನೊಮೀಟರ್‌ಗೆ ಅದು ಹನ್ನೆರಡು ಪಟ್ಟಿನ ಹತ್ತಿರ, ಸರಪಳಿ ಕಟ್ಟಲು ಧಾರಾಳ. ಮುಂದಿನ ಕೆಲಸ, ಲೇಪನದ ದಪ್ಪವನ್ನು ಬದಲಿಸುತ್ತಾ ಸರಪಳಿ ಎಲ್ಲಿ ಬಿಡುತ್ತದೆ ಎಂದು ನೋಡುವುದು.