ಮೂಗಿನ ಮೇಲೆ ಸುತ್ತಿಗೆ

ಆಪರೇಷನ್ ಆದ ಮಾರನೇ ದಿನ ಅಮ್ಮ ರೂಮಿನ ಬಾಗಿಲಿಗೆ ಬಂದು, ನನ್ನ ಮುಖ ನೋಡಿ, ಒಳಗೆ ಬರದೆ ಹಾಗೇ ಹಿಂದೆ ಸರಿದು ರೂಮ್ ನಂಬರ್ ಇನ್ನೊಂದು ಸಲ ಓದಿಕೊಂಡು ಬಂದಳು. ಅಷ್ಟು ಊದಿತ್ತು. ಕಣ್ಣಿನ ಸುತ್ತ ನೇರಳೆ ಹಣ್ಣಿನ ಬಣ್ಣ, ರೆಪ್ಪೆ ಅರ್ಧ ಮಾತ್ರ ತೆರೆಯುತ್ತಿತ್ತು. ಮೂಗಿನ ಮೇಲೆ ಗಟ್ಟಿ ಪಟ್ಟಿ.

"ಏನೋ ಇದು, ಮೂಗು ಸರಿ ಮಾಡಿದ್ರಾ, ಇಲ್ಲ ಹೊಡೆದು ಕಳಿಸಿದ್ರಾ?"

ನಿಜ ಹೇಳಬೇಕು ಅಂದ್ರೆ ಎರಡೂ.

ಇದರ ಮೂಲ ಕಾಲೇಜು ದಿನಗಳದ್ದು. ಸ್ಲಿಪ್ಪಲ್ಲಿ ನಿಂತಿದ್ದೆ, ಕಾರ್ಕ್ ಬಾಲ್ ನೇರ ಮೂಗಿಗೆ ಬಂತು. ರಕ್ತ ನಿಂತ ಮೇಲೆ ಮನೆಗೆ ಹೋಗಿ, ಬೈಗುಳಕ್ಕೆ ಹೆದರಿ, ಬಾಗಿಲು ಬಡಿಯಿತು ಅಂದೆ. ಮೂಗಿನ ಮೂಳೆ ಮುರಿದರೆ ಸುಮಾರು ಎರಡು ವಾರದ ಒಳಗೆ ಹೋಗಬೇಕು, ಆಗ ಕೊಯ್ಯದೇನೇ ಒತ್ತಿ ಕೂರಿಸಬಹುದು, ಆಮೇಲೆ ಅದು ಇದ್ದ ಹಾಗೇ ಬೆಸೆದುಕೊಳ್ಳುತ್ತದೆ ಅನ್ನುವುದು ಆಗ ಯಾರಿಗೆ ಗೊತ್ತಿತ್ತು? ನನ್ನದು ಎಡಕ್ಕೆ ವಾಲಿಕೊಂಡೇ ಬೆಸೆಯಿತು. ಒಳಗಿನ ಗೋಡೆಯೂ ಬಾಗಿ ಬಲ ಹೊಳ್ಳೆ ಹೆಚ್ಚುಕಮ್ಮಿ ಮುಚ್ಚಿಹೋಯಿತು. ಮೂಗು ಹಿಡಿದರೆ ಬಾಯಿ ಬಿಡುತ್ತದೆ ಅಂತಾರಲ್ಲ, ನಾನು ಯಾರೂ ಹಿಡಿಯದೇನೇ 16 ವರ್ಷ ಬಾಯಿ ಬಿಟ್ಟುಕೊಂಡು ಮಲಗಿದೆ. ಕೊನೆಗೆ ಗೊರಕೆ ತಡೆಯಲಾರದೆ ಹೆಂಡತಿಯೇ ಎಳೆದುಕೊಂಡು ಹೋದಳು.

ಡಾಕ್ಟರ್ ಒಂದು ಹಾಳೆ ತಗೊಂಡು ಚಿತ್ರ ಬರೆದರು. ಮೂಗಿನ ಮೇಲಿನ ಮೂರನೇ ಒಂದು ಭಾಗ ಮಾತ್ರ ಮೂಳೆ, ಕೆಳಗಿನದೆಲ್ಲ ಮೆದುಮೂಳೆ. ಸೊಟ್ಟಗೆ ಬೆಸೆದ ಮೂಳೆಯನ್ನು ನೇರ ಮಾಡಲು ಮತ್ತೆ ಕತ್ತರಿಸಲೇಬೇಕು. ಕೆನ್ನೆಯ ಮೂಳೆ ಮೂಗಿಗೆ ಸೇರುವ ಕಡೆ, ಎರಡೂ ಬದಿ, 2 ಮಿಲಿಮೀಟರ್ ಅಗಲದ ಉಳಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಒಂದೇ ಗೆರೆಯಲ್ಲಿ ಸೀಳುವುದೂ ಉಂಟು, ಸಾಲಾಗಿ ತೂತು ಹೊಡೆಯುವುದೂ ಉಂಟು. "ಸ್ಟಾಂಪ್ ಹಾಳೆ ನೋಡಿದೀರಲ್ಲ? ಸುತ್ತ ತೂತು ಇದ್ರೆ ಬೇಕಾದ ಕಡೆ ಮಾತ್ರ ಹರಿಯುತ್ತೆ" ಅಂದರು. ತೂತಿನ ನಡುವೆ ಮೂಳೆಯ ಮೇಲಿನ ಪೊರೆ ಹರಿಯದೆ ಉಳಿದರೆ ತುಂಡು ಒಳಕ್ಕೆ ಕುಸಿಯದೆ ನಿಲ್ಲುತ್ತದಂತೆ, ರಕ್ತವೂ ಕಡಿಮೆ. ಆಮೇಲೆ ಹೆಬ್ಬೆರಳಿನಿಂದ ಒತ್ತಿ ನಡುವಿಗೆ ತರುವುದು. ಕೇಳುವಾಗಲೇ ನನ್ನ ಕಣ್ಣಲ್ಲಿ ನೀರು.

ಇನ್ನೊಂದು ದಾರಿಯೂ ಇತ್ತು, ಪೀಜೋ. ಹಲ್ಲಿನ ಡಾಕ್ಟರುಗಳ ಕೈಯಿಂದ ಮೂಗಿಗೆ ಬಂದ ಸಾಧನ. ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸುವ ತುದಿ ಮೂಳೆಯನ್ನು ಕೊಯ್ಯುತ್ತದೆ, ಮೆತ್ತಗಿನ ಚರ್ಮಕ್ಕೆ, ರಕ್ತನಾಳಕ್ಕೆ ಅಷ್ಟು ಏಟು ಬೀಳುವುದಿಲ್ಲ. ಸಮಯ ಜಾಸ್ತಿ, ದುಡ್ಡೂ ಜಾಸ್ತಿ. ಅದರ ರೇಟು ಕೇಳಿ ಅಮ್ಮ "ಮೂಗಿಗಿಂತ ಮೂಗುತಿ ಭಾರ" ಅಂದಳು. ಸುತ್ತಿಗೆಯೇ ಖಾಯಂ ಆಯಿತು.

ಪೂರ್ತಿ ಮತ್ತು ಬರಿಸಿದ್ದರಿಂದ ಸುತ್ತಿಗೆಯ ಸದ್ದು ನಾನು ಕೇಳಲಿಲ್ಲ. ಊತಕ್ಕೆ ಅಂತ ಆಪರೇಷನ್ ನಡೆಯುವಾಗಲೇ ಡೆಕ್ಸಾಮೆಥಾಸೋನ್ ಕೊಟ್ಟಿದ್ದರು, ಆದರೂ ಇಷ್ಟು ಊದಿತ್ತು! ಇಲ್ಲದಿದ್ದರೆ ಅಮ್ಮ ರೂಮ್ ನಂಬರ್ ನೋಡಿದರೂ ಒಳಗೆ ಬರುತ್ತಿರಲಿಲ್ಲವೇನೋ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಮೂರು ದಿಂಬು ಒರಗಿಕೊಂಡು, ತಲೆ ಎದೆಗಿಂತ ಮೇಲೆ ಇಟ್ಟು ನಿದ್ದೆ. ಮೊದಲ ಎರಡು ದಿನ ಫ್ರಿಜ್ಜಿನ ಬಟಾಣಿ ಪೊಟ್ಟಣವನ್ನು ಕರ್ಚೀಫಲ್ಲಿ ಸುತ್ತಿ ಕೆನ್ನೆಗೆ, ಕಣ್ಣಿಗೆ ಇಡುವುದು, ಮೂಗಿಗೆ ಮಾತ್ರ ತಾಗಿಸಬಾರದು. ಅದೇ ಬಟಾಣಿ ವಾರದ ಮೇಲೆ ಪಲಾವಿಗೆ ಬಿತ್ತು ಅಂತ ನನಗೆ ಗುಮಾನಿ. ಬಗ್ಗಬಾರದು, ಸಿಂಬಳ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು. ಉಪ್ಪು ಜಾಸ್ತಿ ತಿಂದರೆ ಊತ ಇಳಿಯಲ್ಲ ಅಂತ ಅಮ್ಮ ಉಪ್ಪಿನಕಾಯಿ ಜಾಡಿಯನ್ನೇ ಅಟ್ಟಕ್ಕೆ ಏರಿಸಿದಳು. ತಲೆ ಮೇಲಿಂದ ಹಾಕುವ ಟೀಶರ್ಟ್ ಬಂದ್, ಬರೀ ಗುಂಡಿ ಅಂಗಿ.

ಹಾಗೆ ಒರಗಿ ಗೊಣಗುವಾಗ ಕೋವಾಸ್‌ಜಿ ನೆನಪಾಗುತ್ತಿದ್ದ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವನು, ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆ ಹತ್ತಿರ ಒಬ್ಬ ನಾಟಿ ವೈದ್ಯ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅವನ ಚಿತ್ರ ಬಂತು. ಮತ್ತಿನ ಮದ್ದಿಲ್ಲದ ಕಾಲ ಅದು. ನಾನಿಲ್ಲಿ ಬಟಾಣಿ ತಣ್ಣಗಿಲ್ಲ ಅಂತ ಕೂಗುತ್ತಿದ್ದೆ.

ನೇರಳೆ ಬಣ್ಣ ದಿನದಿನಕ್ಕೆ ಕೆಳಗಿಳಿದು ಹಸಿರಾಯಿತು, ಕೆನ್ನೆಗೆ ಬಂದು ಹಳದಿಯಾಯಿತು. ಏಳನೇ ದಿನ ಪಟ್ಟಿ ತೆಗೆದರು. ಒಳಗಿನ ಗೋಡೆ ನೇರ ನಿಲ್ಲಲಿ ಅಂತ ಹೊಳ್ಳೆಯೊಳಗೆ ಇಟ್ಟಿದ್ದ ಸಿಲಿಕೋನ್ ಪಟ್ಟಿಗಳನ್ನೂ ಎಳೆದರು. ನೋವಿಲ್ಲ, ಆದರೆ ಮಿದುಳಿನಿಂದಲೇ ಏನೋ ಜಾರಿ ಬಂದ ಹಾಗೆ, ಬರ್ತಾನೇ ಇದೆ, ಮುಗೀತಾನೇ ಇಲ್ಲ. ಆಮೇಲೆ ಬಲ ಹೊಳ್ಳೆಯಲ್ಲಿ ತಣ್ಣನೆ ಗಾಳಿ ಒಳಗೆ ಹೋಯಿತು. ಸುಮ್ನೆ ಕೂತುಬಿಟ್ಟೆ.

ಕನ್ನಡಿ ಮಾತ್ರ ಖುಷಿ ಕೊಡಲಿಲ್ಲ. ಮೂಗು ನೇರ ಇತ್ತು, ಆದರೆ ದಪ್ಪ, ತುದಿಯಂತೂ ಬೇಯಿಸಿದ ಆಲೂಗಡ್ಡೆ. "ಮೇಲಿನ ಊತ ಕೆಲವೇ ವಾರದಲ್ಲಿ ಇಳಿಯುತ್ತೆ, ತುದಿಗೆ ಒಂದು ವರ್ಷ ಕೊಡಿ" ಅಂದರು ಡಾಕ್ಟರ್. ಕನ್ನಡಕದ ಭಾರ ಮೂಳೆ ಮೇಲೆ ಬೀಳಬಾರದು ಅಂತ ಆರು ವಾರ ಅದನ್ನು ಟೇಪ್ ಹಾಕಿ ಹಣೆಗೆ ನೇತುಹಾಕಿಕೊಂಡು ಆಫೀಸಿನ ವಿಡಿಯೋ ಕಾಲುಗಳಲ್ಲಿ ಕೂತೆ, ಯಾರೂ ಏನೂ ಕೇಳಲಿಲ್ಲ, ಎಲ್ಲರೂ ನನ್ನ ಹಣೆಯನ್ನೇ ನೋಡಿ ಮಾತಾಡಿದರು.

ಮೂರನೇ ವಾರ ಕಟಿಂಗ್ ಶಾಪಿಗೆ ಹೋದೆ. ಮೀಸೆ ಟ್ರಿಮ್ ಮಾಡಲು ಅವನು ಅಭ್ಯಾಸದಂತೆ ಮೂಗಿನ ತುದಿ ಹಿಡಿಯಲು ಬಂದ. ಕುರ್ಚಿಯಿಂದ ಹಾರಿದೆ.

"ಆಕ್ಸಿಡೆಂಟಾ ಸಾರ್? ಯಾವಾಗ?"

"16 ವರ್ಷ ಆಯ್ತು" ಅಂದೆ. ಅವನು ಕತ್ತರಿ ಕೆಳಗಿಟ್ಟು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ನಿಂತ.