ತಲೆ ಉರುಳಿದ್ದು ಗಡಿಯ ಆಚೆ

14 ಜೂನ್ 2024, ಶುಕ್ರವಾರ

ಸಂಜೆಯಿಂದ ಒಂದೇ ಫೋಟೊ ಕಣ್ಣಿಗೆ ಕಟ್ಟಿದ ಹಾಗಿದೆ. 1891ರದ್ದು, ಹಾಂಗ್‌ಕಾಂಗ್ ಪಕ್ಕದ ಕೌಲೂನ್ ಕಡಲತೀರದ್ದು. ಮರಳಿನ ಮೇಲೆ ತಲೆ ಕಡಿದ ದೇಹಗಳು. ಹಿಂದೆ ಹ್ಯಾಟು ಹಾಕಿದ ಬಿಳಿಯರು, ಹುಲಿ ಹೊಡೆದ ಶಿಕಾರಿಯವರ ಹಾಗೆ ಪೋಸು ಕೊಟ್ಟು ನಿಂತಿದ್ದಾರೆ. ಆಮೇಲೆ ಇದನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರಂತೆ!

ಸತ್ತವರ ಮೇಲಿದ್ದದ್ದು ನಮೋವಾ ಹಡಗಿನ ದರೋಡೆಯ ಆರೋಪ. 1890ರ ಡಿಸೆಂಬರ್ 10ರಂದು ಈ ಬ್ರಿಟಿಷ್ ಹಡಗು ಹಾಂಗ್‌ಕಾಂಗ್‌ನಿಂದ ಚೀನಾದ ಬಂದರು ಸ್ವಾಟೌ ಕಡೆಗೆ ಹೊರಟಿತು. ಒಳಗೆ ನೂರಾರು ಚೀನೀ ಪ್ರಯಾಣಿಕರು. ಎಷ್ಟೋ ಜನ ಹೊರದೇಶಗಳಲ್ಲಿ ವರ್ಷಗಟ್ಟಲೆ ದುಡಿದು, ಉಳಿಸಿದ ದುಡ್ಡು ಕಟ್ಟಿಕೊಂಡು ಊರಿಗೆ ವಾಪಸ್ಸಾಗುತ್ತಿದ್ದರು. ಕಳ್ಳರೂ ಟಿಕೆಟ್ ತೆಗೆದುಕೊಂಡು ಅವರ ಜೊತೆಗೇ ಹತ್ತಿದ್ದರು. ಬಿಳಿಯರು ಮಧ್ಯಾಹ್ನದ ಊಟಕ್ಕೆ ಕೂತ ಹೊತ್ತಿಗೆ ಪಿಸ್ತೂಲು ಹೊರಬಂತು. ಕ್ಯಾಪ್ಟನ್ ಪೋಕಾಕ್ ಗುಂಡೇಟಿಗೆ ಸತ್ತ. ಗಂಟೆಗಟ್ಟಲೆ ದೋಚಿ, ಹಡಗನ್ನು ಹಾಂಗ್‌ಕಾಂಗ್‌ನ ಈಶಾನ್ಯಕ್ಕಿರುವ ಬಯಾಸ್ ಕೊಲ್ಲಿಗೆ ಒಯ್ದು, ಕಾಯುತ್ತಿದ್ದ ದೋಣಿಗಳಿಗೆ ಮಾಲು ಸಾಗಿಸಿ ಮಾಯವಾದರು.

ಮುಂದಿನದೇ ನನಗೆ ಕುತೂಹಲ. ಹಡಗು ಬ್ರಿಟಿಷರದ್ದು, ಸತ್ತ ಕ್ಯಾಪ್ಟನ್ ಅವರವನು. ಆಗ ಅವರದ್ದೇ ವಸಾಹತಾಗಿದ್ದ ಹಾಂಗ್‌ಕಾಂಗ್‌ನಲ್ಲಿ ಕೋರ್ಟು, ಜ್ಯೂರಿ, ನೇಣುಗಂಬ ಎಲ್ಲವೂ ಇದ್ದವು. ಆದರೆ ಶಂಕಿತರನ್ನು ಹಿಡಿದದ್ದೂ ತಲೆ ತೆಗೆದದ್ದೂ ಚೀನೀ ಅಧಿಕಾರಿಗಳು. ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಕಾನೂನಿನಲ್ಲಿ ಆರೋಪಿಯ ತಪ್ಪೊಪ್ಪಿಗೆಯೇ ಮುಖ್ಯ, ಅದನ್ನು ಬಾಯಿಬಿಡಿಸಲು ಹಿಂಸೆಗೆ ಅವಕಾಶವೂ ಇತ್ತು. ಬ್ರಿಟಿಷ್ ಕೋರ್ಟಿನಲ್ಲಾದರೆ ಸಾಕ್ಷಿಗಳು ಬಂದು, ಇವನೇ ಅವನು ಅಂತ ಗುರುತು ಹಿಡಿಯಬೇಕು. ಅಷ್ಟು ಜನರ ಗುಂಪಿನಲ್ಲಿ ಬಂದೂಕು ಹಿಡಿದ ಮುಖವನ್ನು ಗಡಿಬಿಡಿಯಲ್ಲಿ ನೋಡಿದವರು ಎಷ್ಟರ ಮಟ್ಟಿಗೆ ಗುರುತಿಸುತ್ತಾರೆ, ಹೇಳಿ?

ಆಗಿನ್ನೂ ಬ್ರಿಟಿಷರ ನೆಲ ಕೌಲೂನಿನ ಬೌಂಡರಿ ಸ್ಟ್ರೀಟ್‌ವರೆಗೆ ಮಾತ್ರ. ಅದರಾಚೆ ಚೀನೀ ಕೋಟೆ, ಕೋಟೆಯ ಹತ್ತಿರದ ಕಡಲತೀರ. ಹಾಂಗ್‌ಕಾಂಗ್‌ನಿಂದ ಸುಮ್ನೆ ದೋಣಿ ಹತ್ತಿ ಹೋಗಿ ನೋಡಿ ಬರಬಹುದಾದಷ್ಟು ದೂರ. 1891ರ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕತ್ತಿ ಬೀಸಿದರು. ಬ್ರಿಟಿಷರ ಕೈಗೆ ರಕ್ತ ಅಂಟಲಿಲ್ಲ, ಲೆಕ್ಕವೂ ಚುಕ್ತಾ ಆಯಿತು. ಕಟುವಾಗಿ ಬರೆದೆ ಅನಿಸಬಹುದು. ಆದರೆ ಆ ಹ್ಯಾಟುಗಳನ್ನು ನೋಡಿದ ಮೇಲೆ ಬೇರೆ ಥರ ಬರೆಯಲು ಮನಸ್ಸಾಗುವುದಿಲ್ಲ. ಪೋಕಾಕ್ ಮನೆಯವರ ದುಃಖ ಸುಳ್ಳಲ್ಲ. ಗಂಟು ಕಳೆದುಕೊಂಡ ಕೂಲಿಯವನದ್ದೂ ಸುಳ್ಳಲ್ಲ. ಅವನ ಫೋಟೊ ಮಾತ್ರ ಯಾರೂ ತೆಗೆಯಲಿಲ್ಲ.

ಆಮೇಲೆ ಆ ದಾರಿಯ ಹಡಗುಗಳಲ್ಲಿ ಕಬ್ಬಿಣದ ಗ್ರಿಲ್ಲು ಬಂತು, ಕಾವಲಿಗೆ ನಮ್ಮ ದೇಶದ ಸಿಖ್ಖರು ಬಂದರು. ದರೋಡೆ ನಿಲ್ಲಲಿಲ್ಲ. 1927ರ ಅಕ್ಟೋಬರ್‌ನಲ್ಲಿ ಐರೀನ್ ಎಂಬ ಚೀನೀ ಹಡಗನ್ನು ಕಳ್ಳರು ಅದೇ ಬಯಾಸ್ ಕೊಲ್ಲಿಗೆ ತಂದಾಗ, ಎಲ್4 ಎಂಬ ಬ್ರಿಟಿಷ್ ಜಲಾಂತರ್ಗಾಮಿ ರಾತ್ರಿಯಲ್ಲಿ ಅಡ್ಡಗಟ್ಟಿತು. ನಿಲ್ಲಲಿಲ್ಲ ಅಂತ ಫಿರಂಗಿ ಹೊಡೆದರು. ಹಡಗಿಗೆ ಬೆಂಕಿ ಬಿತ್ತು. ಇನ್ನೂರಕ್ಕೂ ಹೆಚ್ಚು ಜನರನ್ನು ಉಳಿಸಿದರು, ನಿಜ. ಆದರೆ ಎಲ್ಲರೂ ಒಂದೇ ಥರ ಒದ್ದೆಯಾಗಿ, ನಡುಗುತ್ತಾ ಬಂದವರು. ಅವರೊಳಗೆ ಕಳ್ಳ ಯಾರು, ಪ್ರಯಾಣಿಕ ಯಾರು ಅಂತ ಆರಿಸಬೇಕಿತ್ತು. ಈ ಸಲ ಶಂಕಿತರ ವಿಚಾರಣೆ ಹಾಂಗ್‌ಕಾಂಗ್‌ನಲ್ಲೇ ನಡೆಯಿತು, ಗಲ್ಲೂ ಅಲ್ಲೇ ಆಯಿತು. ಹಡಗಿನ ಕಂಪನಿಯವರು ಕೇಸು ಹಾಕಿದ್ದು ಮಾತ್ರ ಜಲಾಂತರ್ಗಾಮಿಯ ಅಧಿಕಾರಿಯ ಮೇಲೆ!