ಅಪಾಯ ಗೊತ್ತಿದ್ದೂ ಲೀವೈ ಸ್ಯಾವೇಜ್ ಹೊರಟಿದ್ದೇಕೆ?

ಕೈಗಾಡಿ ಎಳೆದುಕೊಂಡು ಅಮೆರಿಕದ ಯೂಟಾಗೆ ಹೊರಟ ಮಾರ್ಮನ್ (ಅಲ್ಲಿನ ಒಂದು ಕ್ರೈಸ್ತ ಪಂಥ) ವಲಸಿಗರು 1856ರಲ್ಲಿ ಹಿಮಕ್ಕೆ ಸಿಕ್ಕ ಕಥೆ ಓದಿದವರೆಲ್ಲ ಕೇಳುವುದು ಇದೇ: ಈಗ ಹೊರಡುವುದು ಬೇಡವೆಂದು ತಡೆದ ಮುಂದಾಳು ಸ್ಯಾವೇಜ್ ತಾನೇ ಯಾಕೆ ಜೊತೆಗೆ ಹೋದ?

ಆ ಮನುಷ್ಯನಿಗೆ ದಾರಿಯ ಕಷ್ಟ ಹೊಸದಲ್ಲ. 1820ರಲ್ಲಿ ಒಹಾಯೊದಲ್ಲಿ ಹುಟ್ಟಿ, 1846ರಲ್ಲಿ ಮಾರ್ಮನ್ ಪಂಥ ಸೇರಿ, ಅದೇ ವರ್ಷ ಅಮೆರಿಕದ ಸೈನ್ಯದ ಮಾರ್ಮನ್ ತುಕಡಿಯಾದ ಮಾರ್ಮನ್ ಬೆಟಾಲಿಯನ್ನಿನ ಸಿಪಾಯಿಯಾಗಿ ಕ್ಯಾಲಿಫೋರ್ನಿಯಾದ ಕಡೆಗೆ ನಡೆದವನು. ಹೆಂಡತಿ ತೀರಿಕೊಂಡ ಮೇಲೆ ಪುಟ್ಟ ಮಗನನ್ನು ಒಡಹುಟ್ಟಿದವಳ ಬಳಿ ಬಿಟ್ಟು ಧರ್ಮಪ್ರಚಾರಕ್ಕೆ ಹೊರಟ. 1853ರಲ್ಲಿ ನಮ್ಮ ಕಲ್ಕತ್ತಾದಲ್ಲಿ ಇಳಿದು, ಅಲ್ಲಿಂದ ಬರ್ಮಾಗೆ ಹೋದ. ಮನೆಗೆ ಮರಳುವಾಗ ಜೇಮ್ಸ್ ವಿಲ್ಲಿ ನಡೆಸುತ್ತಿದ್ದ ಈ ಕೈಗಾಡಿ ತಂಡದಲ್ಲಿ ನೂರು ಜನರ ಹೊಣೆ ಹೆಗಲಿಗೆ ಬಿತ್ತು.

ತಂಡ ಹೊರಟ ಅಯೋವಾ ಸಿಟಿಯಿಂದ ಯೂಟಾದ ಸಾಲ್ಟ್ ಲೇಕ್‌ಗೆ ಸುಮಾರು 1,300 ಮೈಲಿ. ಹೊರಟದ್ದೇ ತಡವಾಗಿ, ಜುಲೈ ಮಧ್ಯದಲ್ಲಿ. ಆಗಸ್ಟ್ 13ರಂದು ದಾರಿಯ ನೆಬ್ರಾಸ್ಕಾದ ಫ್ಲಾರೆನ್ಸ್‌ನಲ್ಲಿ ಸಭೆ ಸೇರಿದಾಗ ಸ್ಯಾವೇಜ್ ಎದ್ದು ನಿಂತು, ಚಳಿಗಾಲ ಇಲ್ಲೇ ಕಳೆಯೋಣ, ಹೊರಟರೆ ಮುದುಕರೂ ಕೂಸುಗಳೂ ಉಳಿಯುವುದಿಲ್ಲ ಎಂದ. ಬಹುಮತ ಒಪ್ಪಲಿಲ್ಲ. ಹಾಗಾದರೆ ನಾನೂ ಬರುತ್ತೇನೆ, ನಿಮ್ಮ ಜೊತೆ ನರಳುತ್ತೇನೆ, ಬೇಕಾದರೆ ಸಾಯುತ್ತೇನೆ ಎಂದುಬಿಟ್ಟ. ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನೂರು ಜನರನ್ನು ನಡೆಸಬೇಕಾದವನು ಹಿಂದೆ ಉಳಿದಿದ್ದರೆ ಅವನ ಎಚ್ಚರಿಕೆಯಿಂದ ಯಾರಿಗೂ ಏನೂ ದಕ್ಕುತ್ತಿರಲಿಲ್ಲ.

ಹಿಮವನ್ನೇ ದೂರುವವರು ಗಾಡಿಯನ್ನೂ ನೋಡಬೇಕು. ಅವಸರದಲ್ಲಿ ಹಸಿ ಮರದಿಂದ ಮಾಡಿದ ಚಕ್ರಗಳು ಬಯಲಿನ ಒಣಗಾಳಿಗೆ ಕುಗ್ಗಿ ಸಡಿಲಾದವು. ಅಚ್ಚಿಗೆ ಕಬ್ಬಿಣದ ಹೊದಿಕೆಯಿಲ್ಲ. ಧೂಳು ನುಗ್ಗಿ ಮರವನ್ನು ತಿಂದಿತು. ಹಳೆಯ ಬೂಟಿನ ಚರ್ಮ, ತಗಡಿನ ತಟ್ಟೆ ಸುತ್ತಿದರು. ಕೀಲೆಣ್ಣೆಯಿಲ್ಲದೆ ಪಾಲಿನ ಹಂದಿಮಾಂಸವನ್ನೂ ಸಾಬೂನನ್ನೂ ಸವರಿದರು. ಫ್ಲಾರೆನ್ಸ್‌ನಲ್ಲಿ ಗಾಡಿಗೊಂದರಂತೆ 98 ಪೌಂಡಿನ ಹಿಟ್ಟಿನ ಚೀಲ ಹೇರಿದ್ದರು. ಅದು ಕರಗುವ ಹೊತ್ತಿಗೆ ಕಾಡೆಮ್ಮೆಗಳ ಗಲಾಟೆಯಲ್ಲಿ ಸುಮಾರು 30 ದನ ತಪ್ಪಿಸಿಕೊಂಡು, ಎಳೆಯಲು ಎತ್ತು ಸಾಲದೆ ವ್ಯಾಗನ್‌ಗಳ ಹಿಟ್ಟು ಮತ್ತೆ ಕೈಗಾಡಿಗೆ ಬಂತು. ದಾರಿಯ ಲಾರಮೀ ಕೋಟೆಯಲ್ಲಿ ನಿರೀಕ್ಷಿಸಿದ್ದ ದಿನಸಿ ಇರಲಿಲ್ಲ. ದಿನದ ಒಂದು ಪೌಂಡ್ ಹಿಟ್ಟು ಮುಕ್ಕಾಲಿಗೆ ಇಳಿಯಿತು. ಅರೆಹೊಟ್ಟೆಯಲ್ಲಿ ಎಳೆದ ಮೈಗೆ ಚಳಿ ತಡೆಯುವ ಕಸುವು ಎಲ್ಲಿಂದ ಬರಬೇಕು?

ಅಕ್ಟೋಬರ್ 19ಕ್ಕೆ ಹಿಟ್ಟು ಮುಗಿಯಿತು, ಹಿಮವೂ ಬಂತು. ಸಾಲ್ಟ್ ಲೇಕ್‌ನಿಂದ ಬಂದ ರಕ್ಷಣಾ ತಂಡ 21ಕ್ಕೆ ತಲುಪಿದರೂ, 23ರ ರಾಕಿ ರಿಡ್ಜ್ ಏರಿಕೆಯ ನಂತರ ರಾಕ್ ಕ್ರೀಕಿನ ಬಿಡಾರದಲ್ಲಿ 13 ಜನರನ್ನು ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು. ನವೆಂಬರ್ 9ರಂದು ತಂಡ ಊರು ಸೇರುವಷ್ಟರಲ್ಲಿ 60ಕ್ಕೂ ಹೆಚ್ಚು ಜನ ಹೋಗಿದ್ದರು.

ಸ್ಯಾವೇಜ್ ಬದುಕುಳಿದ. ಅದೇ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ನಡೆದುಬಂದ ವಿಧವೆ ಆನ್ ಕೂಪರ್‌ಳನ್ನು ಮದುವೆಯಾಗಿ, ಮುಂದೆ ದಕ್ಷಿಣ ಯೂಟಾದ ಟೋಕರ್‌ವಿಲ್‌ನಲ್ಲಿ ನೆಲೆಸಿ, 1910ರಲ್ಲಿ ಅಲ್ಲೇ ತೀರಿಕೊಂಡ.